ಊರಲ್ಲಿ ವಾಂತಿಭೇದಿ ಎದ್ದರೆ: ಮೊದಲ ಗಂಟೆಯಿಂದ ಕೊನೆಯ ರೋಗಿಯವರೆಗೆ

ಬೆಳಗ್ಗೆ ಒಂದೇ ಬೀದಿಯ ಎರಡು ಮನೆಗಳಲ್ಲಿ ನೀರಿನಂಥ ಭೇದಿ ಎಂಬ ಸುದ್ದಿ ಬಂದರೆ ‘ನಿನ್ನೆ ಮದುವೆ ಊಟ ಜಾಸ್ತಿಯಾಗಿದೆ’ ಎಂದು ತಳ್ಳಿಹಾಕಬೇಡಿ. ಎರಡು ಮನೆ ಸಾಕು. ದೊಡ್ಡವರೊಬ್ಬರು ನೀರಿನಂತೆ ಭೇದಿಯಾಗಿ ಕೆಲವೇ ಗಂಟೆಗಳಲ್ಲಿ ಎದ್ದು ಕೂರಲಾರದಷ್ಟು ಬಳಲಿದರೆ ಒಂದು ಮನೆಯೂ ಸಾಕು. ಮಳೆ ಬಿದ್ದ ಮೊದಲ ವಾರ, ಜಾತ್ರೆ ಮುಗಿದ ಮೂರನೇ ದಿನ, ಪೈಪ್ ಒಡೆದು ರಿಪೇರಿಯಾದ ಮರುದಿನ, ಈ ಮೂರು ಹೊತ್ತಿನಲ್ಲಂತೂ ಕಿವಿ ಚುರುಕಾಗಿರಬೇಕು. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕುಡಿಯುವ ನೀರೇ ಕೆಟ್ಟು ಜನ ಸತ್ತರು. ಕಾಲರಾ ಅಜ್ಜಿಯ ಕಾಲದ ಕತೆಯಲ್ಲ.

ಈ ರೋಗದಲ್ಲಿ ಗಮನ ಎರಡೇ ಕಡೆ ಇರಬೇಕು: ರೋಗಿಯ ಮೈಯಿಂದ ಹೋಗುತ್ತಿರುವ ನೀರು, ಊರಿನ ನಲ್ಲಿಯಲ್ಲಿ ಬರುತ್ತಿರುವ ನೀರು. ಎರಡಕ್ಕೂ ಒಂದೇ ಗಂಟೆಯಲ್ಲಿ ಕೈ ಹಾಕಬೇಕು. ಒಂದು ಗುಂಪು ರೋಗಿಗಳ ಹತ್ತಿರ, ಇನ್ನೊಂದು ಗುಂಪು ಟ್ಯಾಂಕಿನ ಹತ್ತಿರ. ಉಳಿದದ್ದೆಲ್ಲ ಆಮೇಲೆ.

ಹೆಸರಿಗಾಗಿ ಕಾಯಬೇಡಿ

ಮಲ ಅಕ್ಕಚ್ಚಿನಂತೆ ಬೆಳ್ಳಗೆ ತೆಳ್ಳಗೆ ಹೋಗುತ್ತಿದ್ದು, ಹೊಟ್ಟೆನೋವು ಜ್ವರ ಅಷ್ಟಿಲ್ಲದಿದ್ದರೆ ಕಾಲರಾ ಅನುಮಾನ ಬಲವಾಗುತ್ತದೆ. ಅದು ಖಚಿತವಾಗಲು ಮಲದ ಮಾದರಿ ಲ್ಯಾಬಿಗೆ ಹೋಗಿ, ಬೆಳೆಸಿ, ವರದಿ ಬರಬೇಕು. ಎರಡು ಮೂರು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಕಾಗದದ ಮೇಲೆ ‘ಗ್ಯಾಸ್ಟ್ರೋ’ ಎಂದು ಬರೆಯಬೇಕೋ ‘ಕಾಲರಾ’ ಎಂದು ಬರೆಯಬೇಕೋ ಎಂಬ ಚರ್ಚೆ ಕಚೇರಿಗಳಲ್ಲಿ ನಡೆಯುತ್ತಲೇ ಇರುತ್ತದೆ. ನಡೆಯಲಿ. ಚಿಕಿತ್ಸೆಯೂ ನೀರಿನ ಕೆಲಸವೂ ಎರಡು ಹೆಸರಿಗೂ ಒಂದೇ.

ಮೊದಲ ಫೋನ್ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ, ಎರಡನೆಯದು ಪಂಚಾಯಿತಿಯ ಪಿಡಿಒಗೆ, ಮೂರನೆಯದು ನೀರುಗಂಟಿಗೆ. ಯಾರೂ ಸಿಗದಿದ್ದರೆ ಆರೋಗ್ಯ ಸಹಾಯವಾಣಿ 104; ರೋಗಿ ಕೈಮೀರುತ್ತಿದ್ದರೆ ನೇರ 108. ಫೋನಿನಲ್ಲಿ ನಾಲ್ಕು ಮಾತು ಹೇಳಿ: ಎಷ್ಟು ಜನ, ಯಾವ ಬೀದಿ, ಯಾವತ್ತು ಯಾವ ಹೊತ್ತಿಗೆ ಶುರು, ಎಷ್ಟು ಜನ ಎದ್ದು ಕೂರಲಾರರು. ‘ಊರಲ್ಲಿ ಏನೋ ಕಾಯಿಲೆ ಬಂದಿದೆ ಸಾರ್’ ಎಂದರೆ ಅತ್ತ ಕಡೆಯವರಿಗೆ ಏನೂ ತಿಳಿಯುವುದಿಲ್ಲ.

ಕಾಲರಾ ಕ್ರಿಮಿ ಹೊಟ್ಟೆ ಸೇರಿದ ಕೆಲವು ಗಂಟೆಗಳಿಂದ ಐದು ದಿನಗಳೊಳಗೆ ರೋಗ ಕಾಣಿಸುತ್ತದೆ. ಸೋಂಕು ತಗುಲಿದ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ, ಅಥವಾ ಒಂದೆರಡು ಸಲ ಹೊಟ್ಟೆ ಕೆಟ್ಟು ಸರಿಹೋಗುತ್ತದೆ. ಆದರೆ ಅವರ ಮಲದಲ್ಲೂ ಒಂದರಿಂದ ಹತ್ತು ದಿನ ಕ್ರಿಮಿ ಹೋಗುತ್ತಿರುತ್ತದೆ. ಹಾಗಾಗಿ ‘ಕಾಯಿಲೆಯವರ ಮನೆ’ಗೆ ಮಾತ್ರ ಗೆರೆ ಎಳೆದು ಉಪಯೋಗವಿಲ್ಲ, ಆರೋಗ್ಯವಾಗಿ ಕಾಣುವವರೂ ಊರಿನ ಲೆಕ್ಕದಲ್ಲಿ ಸೇರಿದ್ದಾರೆ.

ಬಾಯಿಗೆ ಹೋಗುವ ನೀರು

ತೀವ್ರ ಕಾಲರಾದಲ್ಲಿ ದೊಡ್ಡವರ ಮೈಯಿಂದ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೊರಟುಹೋಗಬಹುದು. ಚಿಕಿತ್ಸೆ ಇಲ್ಲದಿದ್ದರೆ ಇಂಥ ರೋಗಿಗಳಲ್ಲಿ ಅರ್ಧದಷ್ಟು ಜನ ಸಾಯುತ್ತಾರೆ. ಹೊತ್ತಿಗೆ ಸರಿಯಾಗಿ ನೀರು ತುಂಬಿದರೆ ನೂರರಲ್ಲಿ ಒಬ್ಬರೂ ಸಾಯುವುದಿಲ್ಲ. ಕೊಲ್ಲುವುದು ಕ್ರಿಮಿಯಲ್ಲ, ಒಣಗುವಿಕೆ. ಆದ್ದರಿಂದ ಗಾಡಿ ಬರಲಿ, ಡಾಕ್ಟರ್ ಬರಲಿ ಎಂದು ಕಾಯುವ ಹೊತ್ತಿನಲ್ಲೇ ಓಆರ್‌ಎಸ್ (ಪೊಟ್ಟಣದ ಉಪ್ಪು-ಸಕ್ಕರೆ ಪುಡಿ ಕಲಸಿದ ನೀರು) ಶುರುವಾಗಬೇಕು, ದಾರಿಯುದ್ದಕ್ಕೂ ಕುಡಿಸುತ್ತಲೇ ಇರಬೇಕು.

ದೊಡ್ಡ ಪೊಟ್ಟಣ (ಸುಮಾರು 20.5 ಗ್ರಾಂ) ಇಡೀ ಒಂದು ಲೀಟರ್ ನೀರಿಗೆ. ಚಿಕ್ಕ ಪೊಟ್ಟಣಗಳೂ ಬರುತ್ತವೆ, ಅವು 200 ಮಿಲಿಗೆ. ಮೇಲೆ ಬರೆದಿರುವುದನ್ನು ಓದಿ. ಇಲ್ಲಿ ಆಗುವ ತಪ್ಪು ಒಂದೇ ಬಗೆಯದು: ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಮಗುವಿಗೆ ಕುಡಿಸುವುದು. ಆ ಉಪ್ಪು ಮಗುವಿಗೆ ಅಪಾಯ. ‘ಒಂದೇ ಸಲಕ್ಕೆ ಅಷ್ಟು ಯಾಕೆ’ ಎಂದು ಅರ್ಧ ಪೊಟ್ಟಣವನ್ನು ಅಂದಾಜಿನಲ್ಲಿ ಕಲಸುವುದೂ ಬೇಡ. ಒಂದು ಲೀಟರಿನ ನೀರಿನ ಬಾಟಲಿಯನ್ನು ಅಳತೆಗೆ ಇಟ್ಟುಕೊಳ್ಳಿ. ಕುದಿಸಿ ಆರಿಸಿದ ನೀರಾದರೆ ಒಳ್ಳೆಯದು. ಕಲಸಿದ ಮೇಲೆ ಕುದಿಸಬಾರದು, 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಬೇಕು.

ಪೊಟ್ಟಣ ಸಿಗುವವರೆಗೆ ಮನೆಯಲ್ಲೇ: ಒಂದು ಲೀಟರ್ ನೀರು, ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗುಡ್ಡೆ ಇರಬಾರದು, ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿ. ಕುಡಿದು ನೋಡಿದರೆ ಕಣ್ಣೀರಿಗಿಂತ ಉಪ್ಪಾಗಿರಬಾರದು. ಉಪ್ಪು ಹಾಕಿದ ಗಂಜಿತಿಳಿ, ತಿಳಿ ಮಜ್ಜಿಗೆ, ಎಳನೀರು ಜೊತೆಗಿರಲಿ; ಆದರೆ ಕಾಲರಾ ಇದ್ದರೆ ಇವು ಓಆರ್‌ಎಸ್‌ಗೆ ಬದಲಿಯಲ್ಲ. ಎಳನೀರಿನಲ್ಲಿ ಸೋಡಿಯಂ ತೀರ ಕಡಿಮೆ.

ಸಕ್ಕರೆ ಯಾಕೆ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಕಾಲರಾದ ವಿಷ (ಅದು ಇದೆ ಎಂದು 1959ರಲ್ಲಿ ತೋರಿಸಿಕೊಟ್ಟವರು ಕೋಲ್ಕತ್ತದ ಶಂಭುನಾಥ ಡೇ) ಕರುಳಿನ ಗೋಡೆಯಿಂದ ಉಪ್ಪುನೀರನ್ನು ಒಳಕ್ಕೆ ಸುರಿಯುವಂತೆ ಮಾಡುತ್ತದೆ. ಆದರೆ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಹೀರಿಕೊಳ್ಳುವ ಬಾಗಿಲು ಕೆಡದೆ ಉಳಿದಿರುತ್ತದೆ. ಆ ಜೋಡಿಯ ಹಿಂದೆಯೇ ನೀರೂ ಮೈಗೆ ಹೋಗುತ್ತದೆ. ಬರೀ ನೀರು ಕುಡಿದರೆ ಮೈಯಲ್ಲಿ ನಿಲ್ಲುವುದಿಲ್ಲ. ಸಕ್ಕರೆ ಅತಿಯಾದರೆ ಉಲ್ಟಾ ಕರುಳಿಗೇ ನೀರು ಎಳೆದು ಭೇದಿ ಹೆಚ್ಚುತ್ತದೆ. ಕೋಲಾ, ಡಬ್ಬದ ಜ್ಯೂಸ್ ಬೇಡ ಎನ್ನುವುದು ಇದಕ್ಕೇ. ಅಂಗಡಿಯಲ್ಲಿ ‘ಓಆರ್‌ಎಸ್’ ಎಂದು ಹೆಸರಿಟ್ಟ ಸಿಹಿ ಪಾನೀಯದ ಪ್ಯಾಕುಗಳು ಬಹುಕಾಲ ಮಾರಾಟವಾದವು. ಸರಿಯಾದ ಸೂತ್ರವಿಲ್ಲದ ಪಾನೀಯಗಳಿಗೆ ಆ ಹೆಸರು ಬಳಸುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ನಿಷೇಧಿಸಿತು. ಔಷಧದ ಅಂಗಡಿಯಲ್ಲಿ ಪೊಟ್ಟಣವನ್ನೇ ಕೇಳಿ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿ.

ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಹತ್ತು ವರ್ಷದವರೆಗಿನವರಿಗೆ 100ರಿಂದ 200 ಮಿಲಿ, ದೊಡ್ಡವರಿಗೆ ಬೇಕೆಂದಷ್ಟು. ಈಗಾಗಲೇ ಕಣ್ಣು ಒಳಸೇರಿ, ಬಾಯಾರಿ, ಲೋಟ ಕಂಡರೆ ಕಿತ್ತುಕೊಂಡು ಕುಡಿಯುವ ಸ್ಥಿತಿಯಾದರೆ ಇಷ್ಟು ಸಾಲದು: ನಾಲ್ಕು ಗಂಟೆಯೊಳಗೆ ಕಿಲೋ ತೂಕಕ್ಕೆ 75 ಮಿಲಿ. ಹತ್ತು ಕಿಲೋ ಮಗುವಿಗೆ ಮುಕ್ಕಾಲು ಲೀಟರ್, ಐವತ್ತು ಕಿಲೋದವರಿಗೆ ಮೂರೂಮುಕ್ಕಾಲು ಲೀಟರ್, ಅಂದರೆ ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರ್. ಹೀಗೆ ಕುಡಿಸಲು ಪಕ್ಕದಲ್ಲೊಬ್ಬರು ಕೂತಿರಲೇಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು, ಈ ಸಲ ಚಮಚದಲ್ಲಿ, ಒಂದೆರಡು ನಿಮಿಷಕ್ಕೊಂದು. ‘ಕುಡಿದದ್ದೆಲ್ಲ ವಾಂತಿಯಾಗುತ್ತಿದೆ, ನಿಲ್ಲಿಸಿಬಿಟ್ಟೆವು’ ಎಂಬ ಮಾತಿನ ಹಿಂದೆ ಸಾವುಗಳಿವೆ. ವಾಂತಿಯಾದರೂ ಒಳಗೆ ಸ್ವಲ್ಪ ಉಳಿದೇ ಉಳಿಯುತ್ತದೆ.

ಮೊಲೆಹಾಲು ನಿಲ್ಲಿಸಬಾರದು. ಮಕ್ಕಳಿಗೆ ಸತುವಿನ ಅಂದರೆ ಜಿಂಕ್ ಮಾತ್ರೆ (ಆಶಾ ಬಳಿ ಇರುತ್ತದೆ) ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳ ಕೂಸಿಗೆ 10, ಒಟ್ಟು 14 ದಿನ. ಭೇದಿ ನಿಂತಿತೆಂದು ಮೂರನೇ ದಿನಕ್ಕೆ ಬಿಡುವುದು ಬೇಡ. ವಾಂತಿ ನಿಂತ ಕೂಡಲೇ ಮೆತ್ತನೆ ಅನ್ನ, ಗಂಜಿ, ಬಾಳೆಹಣ್ಣು ಕೊಡಿ. ‘ಲಂಘನ’ದ ಹೆಸರಿನಲ್ಲಿ ಹಸಿದು ಮಲಗಿಸಬೇಡಿ. ಭೇದಿ ಕಟ್ಟುವ ಮಾತ್ರೆ ಕೊಡಬೇಡಿ. ಕರುಳಿನಲ್ಲಿ ನೀರು ತುಂಬಿಯೇ ಇರುತ್ತದೆ, ಹೊರಗೆ ಕಾಣುವುದಿಲ್ಲ ಅಷ್ಟೆ.

ಆಸ್ಪತ್ರೆಗೆ ಎತ್ತಬೇಕಾದ್ದು ಯಾವಾಗ? ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟಾಗ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಡಿಕೆಯಾಗಿಯೇ ನಿಂತರೆ, ಕರೆದರೆ ಓಗೊಡದೆ ಮಂಕಾಗಿದ್ದರೆ, ಲೋಟ ಬಾಯಿಗಿಟ್ಟರೂ ಕುಡಿಯಲಾರದಿದ್ದರೆ, ಆರು ಗಂಟೆಯಿಂದ ಮೂತ್ರವೇ ಆಗದಿದ್ದರೆ, ಕೈಕಾಲು ಸೆಳೆಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ. ಇವುಗಳಲ್ಲಿ ಒಂದಿದ್ದರೂ ತಡ ಬೇಡ. ಗರ್ಭಿಣಿ, ಕೂಸು, ಮುದುಕರಿಗೆ ಇನ್ನೂ ಮೊದಲೇ ಹೊರಡಬೇಕು.

ಅಲ್ಲಿ ಹೋದ ಮೇಲೆ ಮನೆಯವರು ‘ಗ್ಲೂಕೋಸ್ ಹಾಕಿ’ ಎಂದು ಗದ್ದಲ ಮಾಡುವುದುಂಟು. ಬೇಕಾದದ್ದು ರಿಂಗರ್ ಲ್ಯಾಕ್ಟೇಟ್, ಉಪ್ಪು ಕ್ಷಾರ ಎರಡೂ ಇರುವ ದ್ರಾವಣ. ಬರೀ ಡೆಕ್ಸ್‌ಟ್ರೋಸ್ ಬಾಟ್ಲಿ ಹೋದ ಉಪ್ಪನ್ನು ತುಂಬುವುದಿಲ್ಲ. ಒಂದು ವರ್ಷ ದಾಟಿದವರಿಗೆ ಕಿಲೋಗೆ 30 ಮಿಲಿ ಮೊದಲ ಅರ್ಧ ಗಂಟೆಯಲ್ಲಿ, ಉಳಿದ 70 ಮಿಲಿ ಎರಡೂವರೆ ಗಂಟೆಯಲ್ಲಿ, ಇದು ವೈದ್ಯರ ಲೆಕ್ಕ. ಒಂದು ಬಾಟ್ಲಿಯನ್ನು ಸಂಜೆಯವರೆಗೆ ಹನಿಹನಿಯಾಗಿ ಬಿಟ್ಟರೆ ಸಾಲದು ಎಂಬುದು ತಿಳಿದಿದ್ದರೆ ನೀವೂ ಕೇಳಬಹುದು. ಆ್ಯಂಟಿಬಯೋಟಿಕ್ ಯಾರಿಗೆ ಎಂಬುದು ವೈದ್ಯರ ತೀರ್ಮಾನ, ಊರಿಗೆಲ್ಲ ಹಂಚುವ ಪ್ರಸಾದವಲ್ಲ.

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಸಾವಿನ ಪ್ರಮಾಣ ಸುಮಾರು ಶೇ 30ರಿಂದ 3.6ಕ್ಕೆ ಇಳಿಯಿತು. ಅವತ್ತು ಕುಡಿಸಿದವರು ನರ್ಸುಗಳಲ್ಲ, ತಾಯಂದಿರು, ಅಣ್ಣತಮ್ಮಂದಿರು.

ನಲ್ಲಿಯಲ್ಲಿ ಬರುವ ನೀರು

ಎರಡನೇ ಗುಂಪಿನ ಕೆಲಸ ಇಲ್ಲಿಂದ. ಅನುಮಾನದ ಬೀದಿಗೆ ಹೋಗುವ ವಾಲ್ವನ್ನು ನೀರುಗಂಟಿ ಕೂಡಲೇ ಮುಚ್ಚಬೇಕು. ಯಾವ ಬೀದಿ ಎಂದು ಗೊತ್ತಾಗದಿದ್ದರೆ ಇಡೀ ಸರಬರಾಜು ನಿಲ್ಲಲಿ. ಆದರೆ ಬದಲಿ ನೀರಿಲ್ಲದೆ ನಿಲ್ಲಿಸಿದರೆ ಜನ ಹೊಂಡಕ್ಕೆ, ಕಾಲುವೆಗೆ ಕೊಡ ಹಿಡಿದು ಹೋಗುತ್ತಾರೆ, ಪರಿಸ್ಥಿತಿ ಇನ್ನೂ ಕೆಡುತ್ತದೆ. ಕುಡಿಯಲು, ಅಡುಗೆಗೆ, ಕೈ ತೊಳೆಯಲು ತಲೆಗೆ ದಿನಕ್ಕೆ ಕನಿಷ್ಠ 7.5 ಲೀಟರ್ ಬೇಕು. ಎಲ್ಲ ಬಳಕೆಗೂ ಸೇರಿ 15. ಎರಡು ಸಾವಿರ ಜನರ ಊರಿಗೆ 5,000 ಲೀಟರಿನ ಟ್ಯಾಂಕರ್ ದಿನಕ್ಕೆ ಮೂರು ಸಲವಾದರೂ ಬರಬೇಕು, ಆರು ಸಲ ಬಂದರೆ ನೆಮ್ಮದಿ. ಟ್ಯಾಂಕರ್ ತುಂಬುವಾಗಲೇ ಅದಕ್ಕೂ ಕ್ಲೋರಿನ್ ಹಾಕಿ. ಹಿಂದಿನ ದಿನ ಅದು ಯಾವ ನೀರು ಹೊತ್ತಿತ್ತೋ ಯಾರಿಗೆ ಗೊತ್ತು.

ಬ್ಲೀಚಿಂಗ್ ಪೌಡರ್ ಚೀಲ ಬಿಚ್ಚುವ ಮೊದಲು ಮಾದರಿ ತೆಗೆಯಿರಿ. ಉತ್ಸಾಹದಲ್ಲಿ ಟ್ಯಾಂಕಿಗೆ ಪೌಡರ್ ಸುರಿದು, ಆಮೇಲೆ ನೀರಿನ ಮಾದರಿ ಕಳಿಸಿದರೆ ‘ನೀರು ಶುದ್ಧವಾಗಿದೆ’ ಎಂದೇ ವರದಿ ಬರುತ್ತದೆ, ಕಾರಣ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಟ್ಯಾಂಕ್, ರೋಗಿಯ ಮನೆಯ ನಲ್ಲಿ, ಬೀದಿಯ ಕೊನೆಯ ನಲ್ಲಿ, ರೋಗಿಯ ಮನೆಯ ಕೊಡ, ಈ ನಾಲ್ಕು ಕಡೆಯಿಂದ ಲ್ಯಾಬ್ ಕೊಡುವ ಸ್ಟೆರೈಲ್ ಬಾಟ್ಲಿಯಲ್ಲೇ ಹಿಡಿಯಬೇಕು; ತೊಳೆದ ಮಿನರಲ್ ವಾಟರ್ ಬಾಟ್ಲಿ ಆಗದು. ಮಲದ ಮಾದರಿಯೂ ಹಾಗೆಯೇ, ಆ್ಯಂಟಿಬಯೋಟಿಕ್ ಹೊಟ್ಟೆಗೆ ಹೋಗುವ ಮೊದಲು.

ಈಗ ಲೆಕ್ಕ. ಹೊಸ ಪೌಡರಿನಲ್ಲಿ ಕ್ಲೋರಿನ್ ಸುಮಾರು ಶೇ 33 ಇರುತ್ತದೆ. ಪಂಚಾಯಿತಿ ಗೋದಾಮಿನಲ್ಲಿ ಬಾಯಿ ಬಿಚ್ಚಿಟ್ಟ ಚೀಲದಲ್ಲಿ ಶೇ 25 ಇದ್ದರೆ ಪುಣ್ಯ. ಗಂಟುಗಟ್ಟಿದ್ದರೆ, ಮೂಗಿಗೆ ಘಾಟು ಹೊಡೆಯದಿದ್ದರೆ ಅದು ಸುಣ್ಣವಷ್ಟೆ, ಎಸೆಯಿರಿ. ಶೇ 25 ಎಂದು ಹಿಡಿದರೆ, ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೀಳಲು 1,000 ಲೀಟರ್ ನೀರಿಗೆ 8 ಗ್ರಾಂ ಪೌಡರ್ ಬೇಕು. 50,000 ಲೀಟರ್ ಟ್ಯಾಂಕಿಗೆ 400 ಗ್ರಾಂ. ‘ಎರಡು ಹಿಡಿ’, ‘ಒಂದು ಬೊಗಸೆ’ ಲೆಕ್ಕ ಬಿಡಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ. (ಮಾಮೂಲಿ ದಿನಗಳಲ್ಲಿ, ಒಳ್ಳೆಯ ಪೌಡರ್ ಇದ್ದರೆ 1,000 ಲೀಟರಿಗೆ 2.5 ಗ್ರಾಂ ಸಾಕೆನ್ನುತ್ತಾರೆ. ಇದು ಮಾಮೂಲಿ ದಿನವಲ್ಲ.)

ಸೇದುಬಾವಿಯಾದರೆ ಮೊದಲು ನೀರೆಷ್ಟಿದೆ ಎಂದು ಅಳೆಯಿರಿ: ಅಗಲದ ಮೀಟರನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎರಡೂವರೆ ಮೀಟರ್ ಅಗಲ, ಮೂರು ಮೀಟರ್ ನೀರು ಇದ್ದರೆ ಸುಮಾರು 14,700 ಲೀಟರ್, ಪೌಡರ್ 118 ಗ್ರಾಂ. ಪೌಡರನ್ನು ನೇರ ಬಾವಿಗೆ ಎರಚಬಾರದು. ಸುಣ್ಣ ತಳಕ್ಕೆ ಹೋಗಿ ನೀರು ಗಡುಸಾಗುತ್ತದೆ, ಕ್ಲೋರಿನ್ ಹರಡುವುದಿಲ್ಲ. ಪ್ಲಾಸ್ಟಿಕ್ ಬಕೆಟಿನಲ್ಲಿ, ಒಂದು ಬಕೆಟಿಗೆ 100 ಗ್ರಾಮಿಗಿಂತ ಹೆಚ್ಚಿಲ್ಲದಂತೆ, ಮೊದಲು ಸ್ವಲ್ಪ ನೀರಲ್ಲಿ ಹಿಟ್ಟಿನಂತೆ ಕಲಸಿ. ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ. ಐದು ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳ ಸೇರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ಬಾವಿಗಿಳಿಸಿ, ನೀರಿನೊಳಗೆ ಮೇಲೆ ಕೆಳಗೆ ಎಳೆದಾಡಿಸಿ. ಒಂದು ಗಂಟೆ ಯಾರೂ ಸೇದಬಾರದು. ಓವರ್‌ಹೆಡ್ ಟ್ಯಾಂಕಿಗೂ ತಿಳಿಯನ್ನೇ ಹಾಕಬೇಕು, ಅದೂ ನೀರು ತುಂಬುತ್ತಿರುವಾಗ, ಅರ್ಧ ಗಂಟೆ ಬಿಟ್ಟು ಸರಬರಾಜು.

ಟ್ಯಾಂಕಿನ ತಳದಲ್ಲಿ ಬೆರಳುದ್ದ ಹೂಳು ಇದ್ದರೆ ಹಾಕಿದ ಕ್ಲೋರಿನನ್ನೆಲ್ಲ ಅದೇ ತಿನ್ನುತ್ತದೆ. ಪೂರ್ತಿ ಖಾಲಿ ಮಾಡಿ, ಗೋಡೆ ತಿಕ್ಕಿ ತೊಳೆದ ಮೇಲೆಯೇ ಈ ಲೆಕ್ಕ. ಮುಚ್ಚಳ ತೆರೆದು ಗಾಳಿಯಾಡಲು ಬಿಡದೆ ಒಬ್ಬರೇ ಒಳಗಿಳಿಯಬೇಡಿ, ಮೇಲೊಬ್ಬರು ನಿಂತಿರಲಿ. ಬ್ಲೀಚಿಂಗ್ ಜೊತೆ ಆ್ಯಸಿಡ್ ಸೇರಿದರೆ ವಿಷದ ಗಾಳಿ ಏಳುತ್ತದೆ.

ಹಾಕಿದ್ದು ಸಾಕಾಯಿತೇ? ಟ್ಯಾಂಕಿನ ಕೆಳಗಿನ ನಲ್ಲಿಯಲ್ಲಿ ನೋಡಿ ಹೇಳಲಾಗದು. ಊರಿನ ತೀರ ಕೊನೆಯ ನಲ್ಲಿಯ ನೀರನ್ನು ಪಂಚಾಯಿತಿಯ ಪರೀಕ್ಷಾ ಕಿಟ್‌ನಲ್ಲಿ ನೋಡಬೇಕು. ಹನಿ ಹಾಕಿದೊಡನೆ ಬಂದ ಬಣ್ಣವನ್ನು ಪಟ್ಟಿಗೆ ಹೋಲಿಸಿ. ಮಾಮೂಲಿ ಕನಿಷ್ಠ ಲೀಟರಿಗೆ 0.2 ಮಿಲಿಗ್ರಾಂ, ರೋಗವಿದ್ದಾಗ 0.5 ಉಳಿದಿರಬೇಕು. ಟ್ಯಾಂಕಿನ ಬಳಿ ಚೆನ್ನಾಗಿದ್ದು ಒಂದು ಬೀದಿಯಲ್ಲಿ ಮಾತ್ರ ಸೊನ್ನೆ ತೋರಿಸಿದರೆ ಪೌಡರ್ ಹೆಚ್ಚಿಸುವ ಮೊದಲು ಆ ಬೀದಿಯನ್ನು ಅಗೆಯಿರಿ. ಒಡಕು ಅಲ್ಲೇ ಇದೆ.

ಒಡಕು ಸಿಗುವ ಜಾಗಗಳು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಅವೇ. ಚರಂಡಿ ದಾಟುವ ಮನೆ ಸಂಪರ್ಕದ ಪೈಪು. ಮಳೆನೀರು ತುಂಬಿ ನಿಂತ ವಾಲ್ವಿನ ಗುಂಡಿ. ರಸ್ತೆ ಕೆಲಸದ ಜೆಸಿಬಿ ತಾಗಿ ರಬ್ಬರ್ ಟ್ಯೂಬ್ ಸುತ್ತಿ ಮುಚ್ಚಿದ ಜಾಗ. ಇವೆಲ್ಲಕ್ಕಿಂತ ಕೆಟ್ಟದ್ದು ನಲ್ಲಿಗುಂಡಿ. ನೀರಿನ ಒತ್ತಡ ಸಾಲದೆಂದು ಮನೆ ಮುಂದೆ ಮೊಳದುದ್ದ ಗುಂಡಿ ತೋಡಿ, ಅದರೊಳಗೆ ಪೈಪು ಕತ್ತರಿಸಿ ಕೊಡ ಇಡುತ್ತೇವಲ್ಲ, ಪಾತ್ರೆ ತೊಳೆದ ನೀರು, ಬೀದಿಯ ಕೊಳೆ ಎಲ್ಲ ಆ ಗುಂಡಿಗೇ ಇಳಿಯುತ್ತದೆ. ನೀರು ಬಿಟ್ಟಾಗ ಪೈಪಿನಲ್ಲಿ ಒತ್ತಡವಿರುತ್ತದೆ, ಒಡಕಿನಿಂದ ನೀರು ಹೊರಗೆ ಚಿಮ್ಮುತ್ತದೆ. ನೀರು ನಿಂತಾಗ ಪೈಪು ಖಾಲಿಯಾಗಿ ಸುತ್ತಲಿನ ಕೊಳೆಯನ್ನು ಒಳಕ್ಕೆ ಹೀರುತ್ತದೆ. ಯಾರಾದರೂ ನಲ್ಲಿಗೆ ನೇರ ಮೋಟಾರ್ ಹಚ್ಚಿದರೆ ಈ ಹೀರುವಿಕೆ ದುಪ್ಪಟ್ಟು. ಮೂರು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ ಮೊದಲು ಬರುವ ನೀರು ಹೆಚ್ಚು ಕೊಳಕಾಗಿರುವುದು ಇದರಿಂದಲೇ. ನೀರು ಬಿಟ್ಟ ಮೊದಲ ಹತ್ತು ನಿಮಿಷದ್ದನ್ನು ಕುಡಿಯಲು ಹಿಡಿಯಬೇಡಿ.

ಶುದ್ಧ ಕುಡಿಯುವ ನೀರಿನ ಘಟಕ ಇದೆಯಲ್ಲ, ಭಯವಿಲ್ಲ ಎನ್ನುವವರಿಗೊಂದು ಮಾತು. ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಕ್ಯಾನಿನ ಒಳಗೆ ಪಾಚಿ ಇದ್ದರೆ, ಅದರೊಳಗೆ ಲೋಟ ಅದ್ದಿ ತೆಗೆದರೆ, ಆ ನೀರಿಗೆ ಕಾವಲೇ ಇಲ್ಲ.

ಮನೆಯಲ್ಲಿ ಕುದಿಸುವುದಾದರೆ ಗುಳ್ಳೆ ಕೊತಕೊತ ಏಳುವವರೆಗೆ ಕುದಿಸಿ, ಒಂದು ನಿಮಿಷ ಹಾಗೇ ಬಿಟ್ಟು ಇಳಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಡಿ. ಸೌದೆ, ಗ್ಯಾಸ್ ಸಾಲದಿದ್ದರೆ ಆಶಾ ಕೊಡುವ ಕ್ಲೋರಿನ್ ಮಾತ್ರೆ, ಪೊಟ್ಟಣದ ಮೇಲೆ ಬರೆದ ಲೀಟರಿನ ಲೆಕ್ಕದಲ್ಲಿ. ಮಾತ್ರೆಯೂ ಇಲ್ಲವಾದರೆ ಒಂದು ಲೀಟರ್ ನೀರಿಗೆ 40 ಗ್ರಾಂ ಪೌಡರ್ ಕಲಸಿ ತಿಳಿ ತೆಗೆದಿಟ್ಟುಕೊಂಡು, 20 ಲೀಟರ್ ಕೊಡಕ್ಕೆ ಆ ತಿಳಿ ಮುಕ್ಕಾಲು ಟೀ ಚಮಚ ಹಾಕಿ ಅರ್ಧ ಗಂಟೆ ಬಿಡಿ. ಆ ಬಾಟ್ಲಿ ಮಕ್ಕಳ ಕೈಗೆ ಸಿಗದಂತೆ, ಬಿಸಿಲು ತಾಗದಂತಿರಲಿ, ವಾರಕ್ಕೊಮ್ಮೆ ಹೊಸದು ಮಾಡಿ. ನೀರು ಕದಡಿದ್ದರೆ ಮೊದಲು ಹಳೆಯ ಹತ್ತಿ ಸೀರೆಯನ್ನು ಎಂಟು ಪದರ ಬರುವಂತೆ ಮಡಿಸಿ ಸೋಸಿ. ಅಜ್ಜಿಯರ ಈ ಪದ್ಧತಿಯನ್ನು ಬಾಂಗ್ಲಾದೇಶದ ಮತ್ಲಬ್ ಹಳ್ಳಿಗಳಲ್ಲಿ ಪರೀಕ್ಷಿಸಿದಾಗ ಕಾಲರಾ ಶೇ 48ರಷ್ಟು ತಗ್ಗಿತ್ತು. ಅರ್ಧ ತಗ್ಗಿದರೆ ಅರ್ಧ ಉಳಿಯಿತೆಂದೇ ಅರ್ಥ, ಹಾಗಾಗಿ ಸೋಸಿದ ಮೇಲೆ ಕ್ಲೋರಿನ್ ಬೇಕೇ ಬೇಕು. ಕೊಡದಿಂದ ನೀರನ್ನು ಬಗ್ಗಿಸಿ ಇಲ್ಲವೇ ಉದ್ದ ಹಿಡಿಯ ಸೌಟಿನಲ್ಲಿ ತೆಗೆಯಿರಿ, ಕೈ ಅದ್ದಬೇಡಿ.

ರಸ್ತೆ ಬದಿಗೆ, ಚರಂಡಿಯ ಅಂಚಿಗೆ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ ಎಳೆಯುವ ಪದ್ಧತಿ ಇದೆಯಲ್ಲ, ಅಧಿಕಾರಿಗಳು ಬರುವ ಹಿಂದಿನ ರಾತ್ರಿ ಅದು ಜೋರಾಗಿ ನಡೆಯುತ್ತದೆ. ಅದರಿಂದ ಒಂದು ಕ್ರಿಮಿಯೂ ಸಾಯದು. ಟ್ಯಾಂಕಿಗೆ ಬೇಕಾದ ಚೀಲ ಬೀದಿಯಲ್ಲಿ ಮುಗಿದುಹೋಗುತ್ತದೆ.

ಪಟ್ಟಿ ಮತ್ತು ನಕ್ಷೆ

ಒಂದು ನೋಟ್‌ಬುಕ್, ಒಬ್ಬರೇ ಬರೆಯುವವರು. ಪ್ರತಿ ರೋಗಿಗೆ ಒಂದು ಸಾಲು: ವಯಸ್ಸು, ಮನೆ, ಭೇದಿ ಶುರುವಾದ ದಿನ ಮತ್ತು ಹೊತ್ತು, ಯಾವ ವಾಲ್ವಿನ ನೀರು, ಕುಡಿಯುವ ನೀರು ಎಲ್ಲಿಯದು, ಹಿಂದಿನ ಐದು ದಿನದಲ್ಲಿ ಉಂಡ ಸಮಾರಂಭ, ಈಗ ಎಲ್ಲಿದ್ದಾರೆ. ಆಸ್ಪತ್ರೆಗೆ ಸೇರಿದ ದಿನವನ್ನಲ್ಲ, ಭೇದಿ ಶುರುವಾದ ದಿನವನ್ನು ಬರೆಯಬೇಕು. ಅದು ತಪ್ಪಿದರೆ ಮುಂದಿನದೆಲ್ಲ ದಾರಿ ತಪ್ಪುತ್ತದೆ. ಆಮೇಲೆ ದೊಡ್ಡ ಹಾಳೆಯಲ್ಲಿ ಬೀದಿಗಳನ್ನೂ ಪೈಪುಗಳನ್ನೂ ಬರೆದು, ರೋಗಿಯಿರುವ ಪ್ರತಿ ಮನೆಗೆ ಕೆಂಪು ಚುಕ್ಕೆ ಇಡಿ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಜಾನ್ ಸ್ನೋ ಮಾಡಿದ್ದು ಇದನ್ನೇ. ಬಹುಪಾಲು ಸಾವುಗಳು ಒಂದು ಕೈಪಂಪಿನ ಸುತ್ತ ಮುತ್ತಿದ್ದನ್ನು ತೋರಿಸಿ, ಅದರ ಹಿಡಿ ಕಳಚಿಸಿದ.

ಚುಕ್ಕೆಗಳು ಒಂದೇ ವಾಲ್ವಿನ ಸಾಲಿನಲ್ಲಿದ್ದರೆ ಪೈಪು. ಊರೆಲ್ಲ ಚೆದುರಿದ್ದು ಎಲ್ಲರೂ ಒಂದೇ ಊಟಕ್ಕೆ ಹೋಗಿದ್ದರೆ ಅಡುಗೆ. ಒಂದೇ ದಿನ ಏರಿ ಇಳಿದರೆ ಮೂಲ ಒಮ್ಮೆ ಕೆಟ್ಟು ಮುಗಿದಿದೆ. ದಿನ ದಿನ ಹೊಸಬರು ಬರುತ್ತಿದ್ದರೆ ಮೂಲ ಇನ್ನೂ ಹರಿಯುತ್ತಿದೆ, ಟ್ಯಾಂಕಿನ ಬಳಿ ಯಾರೋ ಸುಳ್ಳು ಹೇಳುತ್ತಿದ್ದಾರೆ. ಬೀದಿಯಲ್ಲಿ ರೋಗವಿಲ್ಲದ ಮನೆಯವರನ್ನೂ ಕೇಳಿ. ಅವರ ಮನೆಯಲ್ಲಿ ಸ್ವಂತ ಬೋರ್‌ವೆಲ್ ಇದೆ ಎಂಬ ಒಂದು ಉತ್ತರ ಎಷ್ಟೋ ಸಲ ಒಗಟು ಬಿಡಿಸುತ್ತದೆ.

ರೋಗಿಯ ಮನೆ, ಬಟ್ಟೆ, ಮಲ

ಕಾಲರಾ ಗಾಳಿಯಲ್ಲಿ ಬರುವುದಿಲ್ಲ. ರೋಗಿಯನ್ನು ಮುಟ್ಟಿದರೆ ಬರುವುದಿಲ್ಲ. ಮುಟ್ಟಿದ ಕೈ ತೊಳೆಯದೆ ಬಾಯಿಗೆ ಹೋದರೆ ಬರುತ್ತದೆ. ಹಾಗಾಗಿ ಮನೆಗೆ ಬೇಲಿ ಹಾಕುವುದು, ಮನೆಯವರಿಗೆ ಅಂಗಡಿಯಲ್ಲಿ ಸಾಮಾನು ಕೊಡದಿರುವುದು ಕ್ರೌರ್ಯವಷ್ಟೇ ಅಲ್ಲ, ದಡ್ಡತನ. ಬಹಿಷ್ಕಾರದ ಹೆದರಿಕೆಯಿರುವ ಮನೆ ರೋಗಿಯನ್ನು ಒಳಕೋಣೆಯಲ್ಲಿ ಬಚ್ಚಿಡುತ್ತದೆ, ಪಟ್ಟಿ ಸುಳ್ಳಾಗುತ್ತದೆ.

ಆರೈಕೆ ಮಾಡುವವರು ಅಡುಗೆಗೆ ಕೈ ಹಾಕಬಾರದು. ಇಬ್ಬರು ಕೆಲಸ ಹಂಚಿಕೊಳ್ಳಿ. ಒಬ್ಬರೇ ಇದ್ದರೆ ಸೋಪಿನಲ್ಲಿ ಮೊಣಕೈವರೆಗೆ ತೊಳೆದ ಮೇಲೆಯೇ ಒಲೆಯ ಬಳಿ ಹೋಗಬೇಕು. ಶೇ 25ರ ಪೌಡರಿನಲ್ಲಿ ಎರಡು ದ್ರಾವಣ ಸಾಕು: ನೆಲ, ಬಕೆಟ್, ಬಟ್ಟೆಗೆ ಲೀಟರಿಗೆ 8 ಗ್ರಾಂ, ಮಲ, ವಾಂತಿಗೆ ಲೀಟರಿಗೆ 80 ಗ್ರಾಂ. ವಾಂತಿ ಬಕೆಟಿನಲ್ಲಿರುವಾಗಲೇ ಗಟ್ಟಿ ದ್ರಾವಣ ಸಮಸಮ ಹಾಕಿ ಹತ್ತು ನಿಮಿಷ ಬಿಟ್ಟು ಶೌಚಾಲಯಕ್ಕೆ ಸುರಿಯಿರಿ. ಶೌಚಾಲಯವಿಲ್ಲದಿದ್ದರೆ ಬಾವಿ, ಬೋರ್, ಹಳ್ಳದಿಂದ 30 ಮೀಟರ್ ಆಚೆ ಗುಂಡಿ ತೋಡಿ ಮಣ್ಣು ಮುಚ್ಚಿ. ರೋಗಿಯ ಬಟ್ಟೆಯನ್ನು ಕೆರೆ, ಕಾಲುವೆಗೆ ಒಯ್ಯುವುದು ಈ ರೋಗ ಹರಡಲು ಹೇಳಿ ಮಾಡಿಸಿದ ದಾರಿ. ಮನೆಯಲ್ಲೇ ಹತ್ತು ನಿಮಿಷ ನೆನೆಸಿ, ಒಗೆದು, ಬಿಸಿಲಿಗೆ ಹಾಕಿ.

ಸಾವಾದರೆ ಮೈ ತೊಳೆಸುವವರು ಕೈಗವಸು ಹಾಕಿಕೊಳ್ಳಲಿ. ಅವರು ಅಂದು ಯಾರಿಗೂ ಅಡುಗೆ ಮಾಡಬಾರದು, ಬಡಿಸಬಾರದು. ನೆಂಟರು ಸೇರುವುದು, ತಿಥಿಯೂಟ, ಮತ್ತೆ ಅವರವರ ಊರಿಗೆ ಬಸ್ಸು ಹತ್ತುವುದು, ರೋಗ ತಾಲ್ಲೂಕು ದಾಟುವ ದಾರಿ ಇದು. ಊಟವನ್ನು ಮುಂದೆ ಹಾಕಲು ಹಿರಿಯರು ಒಪ್ಪುತ್ತಾರೆ, ಊರಿನವರೇ ಕೇಳಬೇಕು. ಪೊಲೀಸರಿಂದ ಹೇಳಿಸಿದರೆ ಒಪ್ಪುವುದಿಲ್ಲ.

ಶಾಲೆಯಲ್ಲಿ ವಾರ್ಡು, ಊರಿಗೆ ಮಾತು

ಆಸ್ಪತ್ರೆ ದೂರವಿದ್ದರೆ ಆರೋಗ್ಯ ಇಲಾಖೆ ಶಾಲೆಯಲ್ಲೋ ಸಮುದಾಯ ಭವನದಲ್ಲೋ ವಾರ್ಡ್ ತೆರೆಯುತ್ತದೆ. ಊರಿನವರು ಕೊಡಬೇಕಾದದ್ದು: ನಡುವೆ ತೂತು ಮಾಡಿದ ಪ್ಲಾಸ್ಟಿಕ್ ಹೊದಿಕೆಯ ಮಂಚ, ಕೆಳಗೊಂದು ಬಕೆಟ್, ಬಾಗಿಲಲ್ಲಿ ಕೈ ತೊಳೆಯುವ ನಲ್ಲಿಡ್ರಮ್, ಒಳಗೆ ಹೊರಗೆ ಹೋಗಲು ಒಂದೇ ಬಾಗಿಲು. ನೂರು ರೋಗಿಗಳಿಗೆ 650 ಓಆರ್‌ಎಸ್ ಪೊಟ್ಟಣ, 120 ಲೀಟರ್ ರಿಂಗರ್ ಲ್ಯಾಕ್ಟೇಟ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಪಂಚಾಯಿತಿ ಬೇಡಿಕೆ ಪತ್ರ ಬರೆಯುವಾಗ ಈ ಲೆಕ್ಕ ಬಳಸಿದರೆ ‘ಸಾಕಷ್ಟು ಔಷಧ ಕಳಿಸಿ’ ಎಂಬ ಬಾಯಿಮಾತಿಗಿಂತ ಬೇಗ ಕೆಲಸವಾಗುತ್ತದೆ.

ಲಸಿಕೆ ಬಾಯಿಗೆ ಹಾಕುವಂಥದ್ದು, ಎರಡು ಡೋಸು, ನಡುವೆ ಕನಿಷ್ಠ ಎರಡು ವಾರ. ಉರಿಯುತ್ತಿರುವ ಮನೆಗೆ ಇವತ್ತೇ ಅದು ನೀರಲ್ಲ. ಎಲ್ಲಿ ಕೊಡಬೇಕೆಂದು ಇಲಾಖೆ ನಿರ್ಧರಿಸುತ್ತದೆ.

ಕಸದ ಗಾಡಿಯ ಮೈಕಿನಲ್ಲಿ ಬೆಳಗ್ಗೆ ಸಂಜೆ ಒಂದೇ ಧ್ವನಿಯಲ್ಲಿ, ನಾಲ್ಕೇ ವಾಕ್ಯ: ಇವತ್ತು ಯಾವ ನೀರು ಕುಡಿಯಬೇಕು, ಟ್ಯಾಂಕರ್ ಎಷ್ಟು ಗಂಟೆಗೆ ಎಲ್ಲಿ, ಭೇದಿಯಾದರೆ ಯಾರಿಗೆ ಫೋನ್, ಇವತ್ತು ಎಷ್ಟು ಹೊಸ ರೋಗಿಗಳು. ಕೊನೆಯ ಸಂಖ್ಯೆಯನ್ನು ಮುಚ್ಚಿಡಬೇಡಿ. ಮುಚ್ಚಿಟ್ಟ ಕಡೆಯೇ ‘ಯಾರೋ ಟ್ಯಾಂಕಿಗೆ ವಿಷ ಹಾಕಿದ್ದಾರಂತೆ’ ಎಂಬ ವಾಟ್ಸ್ಆ್ಯಪ್ ಹುಟ್ಟುತ್ತದೆ, ಆಮೇಲೆ ಒಂದು ಕೇರಿಯತ್ತ ಬೆರಳು ತಿರುಗುತ್ತದೆ.

ಜಾತ್ರೆ, ಅನ್ನಸಂತರ್ಪಣೆ ಮುಂದೂಡಿ. ಬಿಸಿಯಾಗಿ ಬಡಿಸಿದ ಅನ್ನ ಸಾರಿಗಿಂತ ಪಾನಕ, ನೀರುಮಜ್ಜಿಗೆ, ಕೋಸಂಬರಿ ಅಪಾಯ. ಅವಕ್ಕೆ ಬೆಂಕಿ ಸೋಕುವುದೇ ಇಲ್ಲ. ಐಸು, ಕತ್ತರಿಸಿಟ್ಟ ಕಲ್ಲಂಗಡಿ, ಕಬ್ಬಿನ ಹಾಲು, ಪಾನಿಪೂರಿ ಗಾಡಿಗಳಿಗೂ ಕೆಲವು ದಿನ ರಜೆ ಕೊಡಿಸಿ. ಅಂಗನವಾಡಿ, ಶಾಲೆಯ ಬಿಸಿಯೂಟ ನಿಲ್ಲಿಸುವ ಅಗತ್ಯವಿಲ್ಲ, ಅಲ್ಲಿನ ನೀರಿನ ಡ್ರಮ್ಮನ್ನು ದಿನಾ ಪರೀಕ್ಷಿಸಿದರೆ ಸಾಕು.

ಹಿಂದೆ ರೋಗ ಬಂದಾಗ ಮಾರಿಯನ್ನು ಊರ ಗಡಿ ದಾಟಿಸಿ ಪಕ್ಕದ ಊರಿನ ಎಲ್ಲೆಯಲ್ಲಿ ಬಿಟ್ಟು ಬರುತ್ತಿದ್ದರು. ನಿಮ್ಮ ಹಳ್ಳದ, ಕಾಲುವೆಯ ಕೆಳಗಡೆ ಇರುವ ಊರಿಗೆ ರೋಗ ಅದಾಗಲೇ ಹೋಗಿರುತ್ತದೆ. ಅಲ್ಲಿನ ಪಂಚಾಯಿತಿಗೆ ಮೊದಲ ದಿನವೇ ಫೋನ್ ಮಾಡಿ.

ಹೊಸ ರೋಗಿಯಿಲ್ಲದೆ ಹತ್ತು ದಿನ ಕಳೆದರೆ ತಾತ್ಕಾಲಿಕ ವಾರ್ಡ್ ಮುಚ್ಚಬಹುದು. ನಾಲ್ಕು ವಾರ ಮನೆಮನೆ ವಿಚಾರಣೆ, ಕೊನೆಯ ನಲ್ಲಿಯ ಕ್ಲೋರಿನ್ ಪರೀಕ್ಷೆ ನಿಲ್ಲಬಾರದು. ಅಷ್ಟರಲ್ಲಿ ನಲ್ಲಿಗುಂಡಿಗಳನ್ನು ಮುಚ್ಚಿಸಿ ನಲ್ಲಿಯನ್ನು ನೆಲದಿಂದ ಮೇಲೆತ್ತಬೇಕು, ಚರಂಡಿಯೊಳಗಿನ ಪೈಪುಗಳನ್ನು ಹೊರಗೆ ತರಬೇಕು, ಪೌಡರ್ ಚೀಲದ ಮೇಲೆ ತಂದ ತಾರೀಖು ಬರೆಯಬೇಕು. ಟ್ಯಾಂಕ್ ತೊಳೆದ ದಿನವನ್ನು ಟ್ಯಾಂಕಿನ ಕಂಬದ ಮೇಲೆ ಬಣ್ಣದಲ್ಲಿ ಬರೆಸಿ, ಪಕ್ಕದಲ್ಲಿ ಮುಂದಿನ ತೊಳೆಯುವ ದಿನಾಂಕವನ್ನೂ.